ಒರಿಜಿನಲ್ ಮರೆತು ಹೋಗಬೇಡಿ

ಒಂಬತ್ತಕ್ಕೆ ಶಟರ್ ಎತ್ತುವಷ್ಟರಲ್ಲಿ
ಸಾಲಗಾಮೆ ರಸ್ತೆಯ ತುಂಬ ಅದೇ ಮಾತು:
ಕ್ಯಾಪ್ಟನ್ ಓರ್ಲಾ ಸತ್ತಳಂತೆ.
ಸತ್ತದ್ದು ನಿನ್ನೆ ರಾತ್ರಿಯಲ್ಲ, ನಾಲ್ಕನೇ ಕಂತಿನಲ್ಲೇ ಅಂತೆ,
ಅಲ್ಲಿಂದೀಚೆಗೆ ನಾವು ಎದೆ ಬಡಿದುಕೊಂಡದ್ದೆಲ್ಲ
ಅವಳ ನಕಲಿಗಂತೆ.

ಹಾಲ್‌ಟಿಕೆಟ್ಟಿಗೆ ಎರಡೆರಡು ಪ್ರತಿ ಕೇಳುತ್ತ
ಲೋಹಿತಾಶ್ವ ಕೌಂಟರ್ ಗುದ್ದಿದ:
"ಮೋಸ ಕಣ್ರೋ! ಏಳು ವಾರ ನಿದ್ದೆಗೆಟ್ಟು
ನೋಡಿದ್ದು ಒಂದು ಡೂಪ್ಲಿಕೇಟನ್ನ!"
ಸಿಂಧೂರಿ ಕಣ್ಣು ಊದಿಸಿಕೊಂಡು ಬಂದಿದ್ದಳು.
ರೂಮಿನವರೆಲ್ಲ ಒಟ್ಟಿಗೆ ಅತ್ತರಂತೆ, ವಾರ್ಡನ್
ಯಾರ ಮನೇಲಿ ಏನಾಯ್ತೋ ಅಂತ ನೈಟಿಯಲ್ಲೇ ಓಡಿಬಂದರಂತೆ.
ಇನ್ನೂ ನೋಡಿರದ ಒಬ್ಬ ಮಾತ್ರ
ಎರಡೂ ಕಿವಿಗೆ ಬೆರಳಿಟ್ಟು ಲಾ ಲಾ ಎನ್ನುತ್ತ ನಿಂತಿದ್ದ,
ತನ್ನ ಪ್ರಾಜೆಕ್ಟ್ ರಿಪೋರ್ಟು ಸ್ಪೈರಲ್ ಆಗುವ ತನಕ.

ಆಂಟೆನಾ ಕ್ಯಾಂಪಸ್ಸಿನಿಂದ ನಿವೃತ್ತರಾದ ಜಬೀವುಲ್ಲಾ ಸಾಹೇಬರು
ಪಿಂಚಣಿ ಕಾಗದ ಹಿಡಿದು ಸಾಲಿನಲ್ಲಿದ್ದವರು
ಗಡ್ಡ ಕೆರೆದುಕೊಂಡು ಹೇಳಿದರು:
"ನಿಜವಾದ ಉಪಗ್ರಹ ಸಾಯುವಾಗ ಇಷ್ಟು ಮ್ಯೂಸಿಕ್ ಇರಲ್ಲಪ್ಪ.
ಇನ್ನೊಂಚೂರು ಮೇಲಕ್ಕೆ ನೂಕಿ, ಸ್ವಿಚ್ ಆರಿಸಿ,
ರಿಜಿಸ್ಟರಿನಲ್ಲಿ ಟೈಮ್ ಬರೆದು
ಟೀ ಕುಡಿಯೋಕೆ ಹೋಗ್ತಿದ್ವಿ."
ಆಮೇಲೆ ಮೆಲ್ಲಗೆ, "ಆದ್ರೂ ಆ ಹುಡುಗಿ, ಪಾಪ,
ತಾನು ನಕಲು ಅಂತ ಅವಳಿಗೇ ಗೊತ್ತಿರಲಿಲ್ವಲ್ಲ."

ನಾನು ಮುಚ್ಚಳ ಎತ್ತುತ್ತೇನೆ, ಇಳಿಸುತ್ತೇನೆ.
ಹಸಿರು ಬೆಳಕು ಅತ್ತಿಂದಿತ್ತ ಓಡುತ್ತದೆ.
ನನ್ನನ್ನು ಯಾರೂ ಕೇಳುವುದಿಲ್ಲ.
ಐವತ್ತಮೂರರ ಜೆರಾಕ್ಸ್ ಇಂದ್ರಾಣಿ
ರಾತ್ರಿ ನೋಡಿದರೆ ಏನು ನೋಡಿಯಾಳು?
ಅತ್ತೆ, ಸೊಸೆ, ವಿಷದ ಲೋಟ.

ಎರಡು ಗಂಟೆಯ ತನಕ ಎದ್ದಿದ್ದೆ ನಾನು.
ಮುಸುಕಿನೊಳಗೆ ಫೋನು, ಕಿವಿಯೊಳಗೆ ವೈರು,
ಪಕ್ಕದಲ್ಲಿ ಯಜಮಾನರ ಗೊರಕೆ
ಹಡಗಿನ ಎಂಜಿನ್ನಿಗೆ ಸರಿಯಾದ ಶ್ರುತಿ.
ಕನ್ನಡದ ಡಬ್ಬಿಂಗಿನಲ್ಲಿ ಓರ್ಲಾ ನಮ್ಮ ಹೈಸ್ಕೂಲಿನ
ಸೈನ್ಸ್ ಮೇಡಮ್ಮಿನ ಹಾಗೆ ಮಾತಾಡುತ್ತಾಳೆ.
"ಯಾರೂ ಗಾಬರಿಯಾಗತಕ್ಕದ್ದಲ್ಲ,"
ಅರ್ಧ ಹಡಗು ಹೊತ್ತಿ ಉರಿಯುತ್ತಿರುವಾಗ.

ಮೋಸವಂತೆ.
ಇಪ್ಪತ್ತೆರಡು ವರ್ಷ ನಕಲು ತೆಗೆದಿದ್ದೇನೆ,
ಯಂತ್ರದಿಂದ ಹೊರಬರುವಾಗ
ಬೆಚ್ಚಗಿರುವುದು ಪ್ರತಿಯೇ.
ಗಾಜಿನ ಮೇಲೆ ಬೋರಲು ಮಲಗಿದ ಮೂಲ
ತಣ್ಣಗೆ.
ಬಿಸಿ ಹಾಳೆ ಎತ್ತಿಕೊಂಡು ಬಸ್ಸಿಗೆ ಓಡುತ್ತಾರೆ ಎಲ್ಲರೂ.
ಗೋಡೆಯ ಮೇಲೆ ಕೆಂಪಕ್ಷರದಲ್ಲಿ ಬರೆಸಿದ್ದನ್ನು ಓದುವವರು ಯಾರು?
ಕೆಳಗಿನ ಡ್ರಾಯರಿನ ತುಂಬ ಇವೆ:
ಅರಸೀಕೆರೆಯ ಯಾರದೋ ಜಾತಿ ಪ್ರಮಾಣಪತ್ರ,
ಹೊಳೆನರಸೀಪುರದ ಒಂದು ಮರಣಪತ್ರ,
ಫಸ್ಟ್ ಕ್ಲಾಸಿನ ಒಬ್ಬಳ ಮಾರ್ಕ್ಸ್ ಕಾರ್ಡು.
ನಕಲು ತೋರಿಸಿಯೇ ಕೆಲಸ ಹಿಡಿದಿರಬೇಕು ಅವಳು.
ಈ ಹೊತ್ತಿಗೆ ಮಕ್ಕಳಿರಬೇಕು.

"ಬಾಗಿಲು ಒಳಗಿಂದ ತೆಗೆಯೋಕಾಗದೆ ಇದ್ದದ್ದು ಹೇಗೆ?
ಲಾಜಿಕ್ಕೇ ಇಲ್ಲ ಬುಡು," ಅಂದ ಲೋಹಿತಾಶ್ವ.
ಬಾಯಿ ಜಾರಿತು:
"ಮೂರನೇ ಕಂತಿನಲ್ಲೇ ಕೆಟ್ಟಿತ್ತಲ್ಲೋ ಅದು.
ಓರ್ಲಾನೇ ಕಟ್ಟಿದ್ದಳು, ನೀಲಿ ತಂತಿ.
ಅವಳು ಕಟ್ಟಿದ್ದೇ ಅವಳನ್ನ ಹೊರಗಿಟ್ಟದ್ದು."

ಇಡೀ ಸಾಲು ನನ್ನ ಕಡೆ ತಿರುಗಿತು.
ಏನಾಯ್ತೆಂದು ಆ ಕಿವಿಯ ಹುಡುಗನೂ ಬೆರಳು ತೆಗೆದ,
ತೆಗೆದು ಕೆಟ್ಟ.
"ಆಂಟೀ, ನೀವೂನಾ?" ಸಿಂಧೂರಿ ಕೌಂಟರಿಗೆ ಒರಗಿ ಬಗ್ಗಿದಳು.
"ಹೇಳಿ ಮತ್ತೆ, ಅವಳಮ್ಮ ಗೇಟಲ್ಲಿ ಕಾಯ್ತಿದ್ದಾಳಲ್ಲ,
ಒಳಗೆ ಕರೀಬೇಕಾ, ಬೇಡ್ವಾ?"

ಅಷ್ಟರಲ್ಲಿ ಪೇಪರ್ ಜಾಮ್.
ಬಗ್ಗಿ, ಪಕ್ಕದ ಬಾಗಿಲು ತೆರೆದು, ಮೆಲ್ಲಗೆ ಎಳೆದೆ.
ಸುಕ್ಕಾದ ಹಾಳೆಯಲ್ಲಿ ಲೋಹಿತಾಶ್ವನ ಅರ್ಧ ಮುಖ,
ಬೆರಳು ಸುಡುವಷ್ಟು ಬಿಸಿ.

"ಮುಂದಿನ ಗುರುವಾರ ನೋಡೋಣ," ಅಂದೆ.
"ಎರಡು ರೂಪಾಯಿ ಚಿಲ್ಲರೆ ಇದ್ದರೆ ಕೊಡು."